ಭಾನುವಾರದ ಓಟ, ಸೋಮವಾರದ ಲೆಕ್ಕ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಫೆಬ್ರವರಿಯಿಂದ ನವೆಂಬರ್‌ವರೆಗೆ ಭಾನುವಾರ ಮಧ್ಯಾಹ್ನವೆಂದರೆ ಕಾರು ಓಟದ ಹೊತ್ತು. ನಮ್ಮಲ್ಲಿ ಟೆಸ್ಟ್ ಪಂದ್ಯ ನಡೆಯುವಾಗ ಬೀಡಾ ಅಂಗಡಿಯ ಮುಂದೆ ನಿಂತು ‘ಸ್ಕೋರ್ ಎಷ್ಟಾಯ್ತು?’ ಎಂದು ಕೇಳುತ್ತಿದ್ದೆವಲ್ಲ, ಹಾಗೆಯೇ ಅಲ್ಲಿಯೂ ‘ಯಾರು ಮುಂದಿದ್ದಾರೆ?’ ಎಂಬ ಪ್ರಶ್ನೆ ಪೆಟ್ರೋಲ್ ಬಂಕಿನಲ್ಲಿ, ಕ್ಷೌರದಂಗಡಿಯಲ್ಲಿ ಕೇಳಿಬರುತ್ತದೆ. ಈ ಆಟದ ಹೆಸರು ಸ್ಟಾಕ್ ಕಾರ್ ರೇಸಿಂಗ್. ಸ್ಟಾಕ್ ಎಂದರೆ ದಾಸ್ತಾನು. ಅಂಗಡಿಯಲ್ಲಿ ದಾಸ್ತಾನಿರುವ, ಯಾರು ಬೇಕಾದರೂ ಕೊಳ್ಳಬಹುದಾದ ಕಾರನ್ನೇ ಪಂದ್ಯಕ್ಕೆ ಇಳಿಸಬೇಕೆಂಬುದು ಮೊದಲಿನ ನಿಯಮ. ಇಂದು ಉಳಿದಿರುವುದು ಹೊರಗಿನ ಹೋಲಿಕೆ ಮಾತ್ರ. ಒಳಗಿನ ಯಂತ್ರವೇ ಬೇರೆ.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಹೇಳಹೊರಟಿರುವುದು ಕಾರು ಓಡಿಸಿದವರ ಚರಿತ್ರೆಗಿಂತ ಹೆಚ್ಚಾಗಿ ಅದನ್ನು ದೂರದಿಂದ ಹಿಂಬಾಲಿಸಿದವರ ಚರಿತ್ರೆ. 2001ರಿಂದ ಒಂದು ಋತುವಿನಲ್ಲಿ 36 ಓಟಗಳು, ಹೆಚ್ಚಾಗಿ ಬೇರೆ ಬೇರೆ ಊರುಗಳಲ್ಲಿ. ಎಲ್ಲವನ್ನೂ ಕಣ್ಣಾರೆ ಕಾಣುವ ಅಭಿಮಾನಿ ಸಾವಿರಕ್ಕೊಬ್ಬನೂ ಸಿಗಲಾರ. ಉಳಿದವರಿಗೆ ಋತು ಎಂದರೆ ಸುದ್ದಿ. ಆ ಸುದ್ದಿ ಹೇಗೆ ಬರುತ್ತದೆ, ಎಷ್ಟು ಬೇಗ ಬರುತ್ತದೆ ಎಂಬುದು ಆಟದ ರೂಪವನ್ನೇ ಬದಲಿಸಿದೆ.

ಈ ಓಟಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆ ಹುಟ್ಟಿದ್ದು 1948ರಲ್ಲಿ, ಬಿಲ್ ಫ್ರಾನ್ಸ್ ಎಂಬ ಸಂಘಟಕನ ಪ್ರಯತ್ನದಿಂದ. ಮಾರಾಟದ ಕಾರುಗಳ ಮೊದಲ ಓಟ 1949ರ ಜೂನ್ 19ರಂದು ಶಾರ್ಲಟ್ ನಗರದಲ್ಲಿ ನಡೆಯಿತು. ಮೊದಲು ಗೆರೆ ದಾಟಿದವನು ಗ್ಲೆನ್ ಡನವೇ. ಆದರೆ ಅವನ ಕಾರಿನ ಹಿಂದಿನ ಸ್ಪ್ರಿಂಗುಗಳನ್ನು ಕಳ್ಳಭಟ್ಟಿ ಸಾಗಿಸುವವರು ಮಾಡುವಂತೆ ಬಿಗಿಗೊಳಿಸಲಾಗಿತ್ತು. ತಪಾಸಣೆಯಲ್ಲಿ ಅದು ಬಯಲಾಗಿ, ಕಾನ್ಸಸ್ ರಾಜ್ಯದ ಜಿಮ್ ರೋಪರ್ ವಿಜೇತನಾದ. ಸಾವಿರ ಮೈಲಿ ದೂರದ ಈ ಮನುಷ್ಯನಿಗೆ ಓಟದ ವಿಷಯ ತಿಳಿದದ್ದು ಪತ್ರಿಕೆಯ ವ್ಯಂಗ್ಯಚಿತ್ರ ಧಾರಾವಾಹಿಯೊಂದರ ಮೂಲೆಯಲ್ಲಿದ್ದ ಸಣ್ಣ ಟಿಪ್ಪಣಿಯಿಂದ ಎಂದು ಹೇಳುತ್ತಾರೆ.

ಹತ್ತು ವರ್ಷದ ನಂತರ ಫ್ಲಾರಿಡಾದ ಡೇಟೋನಾದಲ್ಲಿ ಎರಡೂವರೆ ಮೈಲಿ ಸುತ್ತಳತೆಯ ಹೊಸ ಪಥ ಸಿದ್ಧವಾಯಿತು. ತಿರುವುಗಳಲ್ಲಿ ನೆಲ 31 ಡಿಗ್ರಿ ಓರೆ; ಭೌತಶಾಸ್ತ್ರ ಓದಿದವರಿಗೆ ಕಾರಣ ಹೇಳಬೇಕಾಗಿಲ್ಲ. 1959ರ ಫೆಬ್ರವರಿ 22ರಂದು ಅಲ್ಲಿ ನಡೆದ ಮೊದಲ 500 ಮೈಲಿ ಓಟದ ಕೊನೆಯಲ್ಲಿ ಮೂರು ಕಾರುಗಳು ಒಟ್ಟಿಗೇ ಗೆರೆ ದಾಟಿದವು. ಅವುಗಳಲ್ಲಿ ಒಂದು ಸುತ್ತು ಹಿಂದಿದ್ದ ಕಾರು ಲೆಕ್ಕಕ್ಕಿರಲಿಲ್ಲ. ಜಾನಿ ಬೋಶಾಂಪ್ ಗೆದ್ದನೆಂದು ಘೋಷಣೆಯಾಯಿತು. ಲೀ ಪೆಟ್ಟಿ ಒಪ್ಪಲಿಲ್ಲ. ಬಿಲ್ ಫ್ರಾನ್ಸ್ ಛಾಯಾಚಿತ್ರಗಳನ್ನೂ ವಾರ್ತಾಚಿತ್ರದ ಸುರುಳಿಯನ್ನೂ ತರಿಸಿ ನೋಡಿ, ಮೂರು ದಿನಗಳ ನಂತರ ಪೆಟ್ಟಿಯೇ ವಿಜೇತನೆಂದು ತೀರ್ಪಿತ್ತ. ಭಾನುವಾರ ಗೆದ್ದವನು ಬುಧವಾರ ಸೋತ! ಕ್ಯಾಮೆರಾ ಸಾಕ್ಷಿಯಾಗಿ ನಿಂತ ಆ ದಿನವನ್ನು ನಮ್ಮಂಥ ವೃತ್ತಿಯವರು ಮರೆಯುವಂತಿಲ್ಲ.

ಬಾನುಲಿಯ ಕೊಡುಗೆ ಬೇರೆ ರೀತಿಯದು. ಬಿಲ್ ಫ್ರಾನ್ಸ್ ಮತ್ತು ಕೆನ್ ಸ್ಕ್ವಯರ್ 1970ರಲ್ಲಿ ಮೋಟಾರ್ ರೇಸಿಂಗ್ ನೆಟ್‌ವರ್ಕ್ ಎಂಬ ರೇಡಿಯೋ ಜಾಲವನ್ನು ಆರಂಭಿಸಿದರು. ಎರಡೂವರೆ ಮೈಲಿಯ ಪಥವನ್ನು ಒಬ್ಬನೇ ವೀಕ್ಷಕ ವಿವರಣೆಗಾರ ಚೆನ್ನಾಗಿ ಕಾಣಲಾರ. ಆದ್ದರಿಂದ ತಿರುವುಗಳ ಬಳಿ ಎತ್ತರದಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿದರು. ಕಾರುಗಳು ತನ್ನ ಎದುರಿನಿಂದ ಮರೆಯಾಗುತ್ತಿದ್ದಂತೆ ಒಬ್ಬ ಮಾತನ್ನು ಮುಂದಿನವನಿಗೆ ಒಪ್ಪಿಸುತ್ತಿದ್ದ, ರಿಲೇ ಓಟಗಾರ ಕೋಲನ್ನು ಒಪ್ಪಿಸುವಂತೆ. ಕೇಳುಗನ ಮನಸ್ಸಿನಲ್ಲಿ ಧ್ವನಿಗಳೇ ಪಥದ ನಕ್ಷೆ ಬರೆಯುತ್ತಿದ್ದವು. ಮೈದಾನಕ್ಕೆ ಹೋದವರು ಕೂಡ ಕಿವಿಗೆ ರೇಡಿಯೋ ಹಚ್ಚಿಕೊಳ್ಳುತ್ತಿದ್ದರು.

1971ರ ಜನವರಿಯಲ್ಲಿ ಅಮೆರಿಕದ ರೇಡಿಯೋ, ಟೆಲಿವಿಷನ್‌ಗಳಲ್ಲಿ ಸಿಗರೇಟಿನ ಜಾಹೀರಾತು ನಿಷೇಧವಾಯಿತು. ಆ ಹಣ ಬೇರೆ ದಾರಿ ಹುಡುಕಿತು. ಅದೇ ವರ್ಷ ಸರಣಿಗೆ ವಿನ್‌ಸ್ಟನ್ ಸಿಗರೇಟಿನ ಹೆಸರು ಬಂದು 2003ರವರೆಗೆ ಉಳಿಯಿತು. ಆರೋಗ್ಯಕ್ಕಾಗಿ ಮಾಡಿದ ಕಾನೂನು ಒಂದು ಆಟವನ್ನು ಸಾಕಿದ ಈ ವಿಪರ್ಯಾಸ ನನಗಂತೂ ಹಿತವೆನಿಸುವುದಿಲ್ಲ. ಆದರೆ 1971ರಲ್ಲಿ 48 ಇದ್ದ ಓಟಗಳು 1972ರಲ್ಲಿ 31ಕ್ಕೆ ಇಳಿದವು. ಸಣ್ಣ ಓಟಗಳು ಕಳಚಿಕೊಂಡು, ಜನಸಾಮಾನ್ಯರು ಹಿಂಬಾಲಿಸಬಲ್ಲ ಒಂದು ಋತು ರೂಪುಗೊಂಡಿತು.

ಇಷ್ಟಾದರೂ ಕಿರುತೆರೆಯಲ್ಲಿ ಬರುತ್ತಿದ್ದುದು ಬಹುಮಟ್ಟಿಗೆ ಧ್ವನಿಮುದ್ರಿತ, ಕತ್ತರಿಸಿದ ತುಣುಕುಗಳು. 1971ರಲ್ಲಿ ನೂರು ಮೈಲಿಯ ಓಟವೊಂದನ್ನು ಪೂರ್ತಿಯಾಗಿ ನೇರ ಪ್ರಸಾರ ಮಾಡಿದ್ದುಂಟು. 500 ಮೈಲಿಯ ಓಟವನ್ನು ಆರಂಭದಿಂದ ಕೊನೆಯವರೆಗೆ ತೋರಿಸುವ ಧೈರ್ಯವನ್ನು ಸಿ.ಬಿ.ಎಸ್. ಜಾಲ ಮಾಡಿದ್ದು 1979ರ ಫೆಬ್ರವರಿ 18ರಂದು, ಡೇಟೋನಾದಲ್ಲಿ. ಮೂರೂವರೆ ಗಂಟೆ ಕಾರುಗಳು ಸುತ್ತುವುದನ್ನು ಯಾರು ನೋಡುತ್ತಾರೆ ಎಂಬ ಅನುಮಾನ ಸಹಜವಾಗಿತ್ತು. ಆ ದಿನ ಪೂರ್ವ ಅಮೆರಿಕದಲ್ಲಿ ಭಾರಿ ಹಿಮಪಾತವಾಗಿ ಜನ ಮನೆಯಿಂದ ಹೊರಬರಲಾರದೆ ಟಿ.ವಿ. ಮುಂದೆ ಕುಳಿತರು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಡಾನಿ ಅಲಿಸನ್ ಮತ್ತು ಕೇಲ್ ಯಾರ್ಬರೋ ಪರಸ್ಪರ ತಗುಲಿಕೊಂಡು ಮೂರನೆಯ ತಿರುವಿನ ಗೋಡೆಗೆ ಬಡಿದರು. ಅರ್ಧ ಸುತ್ತು ಹಿಂದಿದ್ದ ರಿಚರ್ಡ್ ಪೆಟ್ಟಿ (ಲೀ ಪೆಟ್ಟಿಯ ಮಗ) ಗೆದ್ದ. ಇತ್ತ ಹುಲ್ಲಿನ ಮೇಲೆ ಅಲಿಸನ್ ಸಹೋದರರಿಗೂ ಯಾರ್ಬರೋಗೂ ಕೈಕೈ ಮಿಲಾಯಿಸಿತು; ಅದನ್ನೂ ದೇಶವೆಲ್ಲ ನೋಡಿತು. ಅಂದಿನಿಂದ ದಕ್ಷಿಣದ ಆಟ ಇಡೀ ದೇಶದ ಸುದ್ದಿಯಾಯಿತು.

ಆದರೆ ನೇರ ಪ್ರಸಾರವೂ ತೋರಿಸಲಾಗದ ಒಂದು ಭಾಗ ಈ ಆಟದಲ್ಲಿದೆ. ಅದೇ ಅಂಕಗಳ ಲೆಕ್ಕ. 1975ರ ಪದ್ಧತಿಯಂತೆ ಯಾವ ಓಟವಾದರೂ ಗೆದ್ದವನಿಗೆ 175, ಎರಡನೆಯವನಿಗೆ 170 ಅಂಕ, ಹೀಗೆ ಇಳಿಯುತ್ತಿತ್ತು. ಒಂದು ಸುತ್ತನ್ನಾದರೂ ಮುನ್ನಡೆಸಿದವನಿಗೆ 5 ಹೆಚ್ಚು. ಅತಿ ಹೆಚ್ಚು ಸುತ್ತು ಮುನ್ನಡೆಸಿದವನಿಗೆ ಇನ್ನೂ 5. ಅಭಿಮಾನಿಗಳು ಸೋಮವಾರದ ಪತ್ರಿಕೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಪೆನ್ಸಿಲು ಹಿಡಿಯುತ್ತಿದ್ದರು.

1992ರ ನವೆಂಬರ್ 15. ಋತುವಿನ 29ನೆಯ, ಕೊನೆಯ ಓಟ ಅಟ್ಲಾಂಟಾದಲ್ಲಿ. ಡೇವಿ ಅಲಿಸನ್ ಮುಂದಿದ್ದ. ಅವನಿಗಿಂತ 30 ಅಂಕ ಹಿಂದೆ ಅಲನ್ ಕುಲ್ವಿಕಿ, 40 ಅಂಕ ಹಿಂದೆ ಬಿಲ್ ಎಲಿಯಟ್. ಕುಲ್ವಿಕಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವೀಧರ. ತನ್ನ ಸಣ್ಣ ತಂಡಕ್ಕೆ ತಾನೇ ಮಾಲೀಕ, ತಾನೇ ಚಾಲಕ. ಅಲಿಸನ್ ಅಪಘಾತಕ್ಕೆ ಸಿಕ್ಕಿ ಸ್ಪರ್ಧೆಯಿಂದ ಹೊರಬಿದ್ದ. ಇನ್ನು ಉಳಿದವರು ಇಬ್ಬರು. ಕುಲ್ವಿಕಿಯ ತಂಡ ಸುತ್ತುಗಳನ್ನು ಎಣಿಸುತ್ತ ಕುಳಿತಿತು. ಉಳಿದ ಸುತ್ತುಗಳನ್ನೆಲ್ಲ ಎಲಿಯಟ್ ಮುನ್ನಡೆಸಿದರೂ ತಮ್ಮನ್ನು ಮೀರಲಾರ ಎಂದು ಖಚಿತವಾದ ಮೇಲೆಯೇ ಕಾರನ್ನು ಪೆಟ್ರೋಲಿಗೆ ಒಳಗೆ ಕರೆಯಿತು. ಓಟ ಗೆದ್ದವನು ಎಲಿಯಟ್, ಕುಲ್ವಿಕಿ ಎರಡನೆಯವನು. ಆದರೆ ಕುಲ್ವಿಕಿ ಮುನ್ನಡೆಸಿದ್ದು 103 ಸುತ್ತು, ಎಲಿಯಟ್ 102. ಆ ಒಂದೇ ಸುತ್ತಿನಿಂದ ಐದು ಅಂಕ ಕುಲ್ವಿಕಿಗೆ ಸಂದು, ಒಟ್ಟು ಮೊತ್ತ 4078ಕ್ಕೆ 4068 ಆಯಿತು. ಆ ಐದು ಅಂಕ ಎಲಿಯಟ್‌ಗೆ ಹೋಗಿದ್ದರೆ? ಇಬ್ಬರದೂ 4073. ಆಗ ಹೆಚ್ಚು ಓಟ ಗೆದ್ದಿದ್ದ ಎಲಿಯಟ್ ಚಾಂಪಿಯನ್ ಆಗುತ್ತಿದ್ದ. ವಿದ್ಯಾರ್ಥಿಗಳು ತಾವೇ ಕೂಡಿ ನೋಡಬಹುದು. ಗೆದ್ದವನು ಆ ಸಂತೋಷವನ್ನು ಹೆಚ್ಚು ದಿನ ಅನುಭವಿಸಲಿಲ್ಲ. 1993ರ ಏಪ್ರಿಲ್ 1ರಂದು ವಿಮಾನಾಪಘಾತದಲ್ಲಿ ತೀರಿಕೊಂಡ.

2001ರಲ್ಲಿ ದೊಡ್ಡ ಮೊತ್ತದ ಹೊಸ ಪ್ರಸಾರ ಒಪ್ಪಂದ ಜಾರಿಗೆ ಬಂತು. ಅದರ ಮೊದಲ ಓಟ ಡೇಟೋನಾದಲ್ಲಿ, ಮತ್ತೆ ಫೆಬ್ರವರಿ 18ರಂದೇ. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಏಳು ಬಾರಿಯ ಚಾಂಪಿಯನ್ ಡೇಲ್ ಅರ್ನ್‌ಹಾರ್ಟ್‌ನ ಕಾರು ಗೋಡೆಗೆ ಬಡಿಯಿತು. ಅದೇ ಕ್ಷಣದಲ್ಲಿ ಮೈಕೆಲ್ ವಾಲ್ಟ್ರಿಪ್ ತನ್ನ ಮೊದಲ ಜಯ ಸಾಧಿಸುತ್ತಿದ್ದ. ವಿವರಣೆ ನೀಡುತ್ತಿದ್ದ ಅವನ ಅಣ್ಣ ಡ್ಯಾರೆಲ್ ಸಂತೋಷದಿಂದ ಕೂಗುತ್ತಿದ್ದ. ನೋಡುವವರಿಗೆ ಅದು ಅಷ್ಟೇನೂ ಭೀಕರ ಅಪಘಾತವಾಗಿ ಕಾಣಲಿಲ್ಲ. ಪ್ರಸಾರ ಮುಗಿಯಿತು. ಎರಡು ಗಂಟೆಗೂ ಹೆಚ್ಚು ಕಾಲ ಲಕ್ಷಾಂತರ ಅಭಿಮಾನಿಗಳು ಏನೂ ತಿಳಿಯದೆ ಕಾದರು. ಬಳಿಕ ಅವನ ಸಾವಿನ ಸುದ್ದಿ ಬಂತು.

ದುಃಖ ಕೋಪವಾಯಿತು. ಕಾರಿಗೆ ತಗುಲಿದ್ದ ಸ್ಟರ್ಲಿಂಗ್ ಮಾರ್ಲಿನ್‌ಗೆ ಬೆದರಿಕೆಗಳು ಬಂದವು. ತಂದೆಯನ್ನು ಕಳೆದುಕೊಂಡ ಡೇಲ್ ಜೂನಿಯರ್ ‘ಅವನ ತಪ್ಪಿಲ್ಲ’ ಎಂದು ಬಹಿರಂಗವಾಗಿ ಹೇಳಬೇಕಾಯಿತು. ತುಂಡಾದ ಸೀಟು ಬೆಲ್ಟ್ ಸಿಕ್ಕಿತೆಂದು ನ್ಯಾಸ್ಕಾರ್ ಹೇಳಿದಾಗ ಕೋಪ ಬೆಲ್ಟ್ ತಯಾರಕನ ಕಡೆಗೆ ತಿರುಗಿತು. ಒರ್‌ಲ್ಯಾಂಡೋ ಸೆಂಟಿನೆಲ್ ಪತ್ರಿಕೆ ಮಾತ್ರ ಬೇರೆ ಪ್ರಶ್ನೆ ಕೇಳಿತು. ಓಟದ ಚಾಲಕರು ಸಾಯುತ್ತಿರುವುದು ತಲೆ ಮುಂದಕ್ಕೆ ಚಿಮ್ಮುವುದರಿಂದಲ್ಲವೇ? ಸೂತ್ರ ನ್ಯೂಟನ್ನನ ಮೊದಲ ನಿಯಮವೇ. ಬೆಲ್ಟು ಮೈಯನ್ನು ಹಿಡಿದಿಡುತ್ತದೆ, ತಲೆ ಮಾತ್ರ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ, ಬುರುಡೆಯ ಬುಡ ಮುರಿಯುತ್ತದೆ. ಇದನ್ನು ತಡೆಯಲು ರಾಬರ್ಟ್ ಹಬಾರ್ಡ್ ಎಂಬ ಪ್ರಾಧ್ಯಾಪಕ 1980ರ ದಶಕದಲ್ಲೇ ಹಾನ್ಸ್ ಎಂಬ ಕತ್ತಿನ ರಕ್ಷಾಪಟ್ಟಿ ರೂಪಿಸಿದ್ದ. ಆ ದಿನ ಅದನ್ನು ಧರಿಸಿದ್ದವರು ಬೆರಳೆಣಿಕೆಯಷ್ಟು.

ಮರಣೋತ್ತರ ಪರೀಕ್ಷೆಯ ಚಿತ್ರಗಳನ್ನು ಸ್ವತಂತ್ರ ತಜ್ಞರಿಗೆ ತೋರಿಸಬೇಕೆಂದು ಪತ್ರಿಕೆ ಕೋರಿತು. ಅಚ್ಚು ಹಾಕುವ ಉದ್ದೇಶವಿಲ್ಲವೆಂದೂ ಹೇಳಿತು. ಮೃತನ ಪತ್ನಿ ನ್ಯಾಯಾಲಯಕ್ಕೆ ಹೋದರು. ಅಭಿಮಾನಿಗಳು ಅವರ ಪರ ನಿಂತರು. ಮಾರ್ಚ್‌ನಲ್ಲಿ ಫ್ಲಾರಿಡಾ ಸರ್ಕಾರ ಇಂಥ ಚಿತ್ರಗಳಿಗೆ ನಿರ್ಬಂಧ ಹೇರುವ ಕಾನೂನನ್ನೇ ತಂದಿತು. ಕೊನೆಗೆ ರಾಜಿಯ ಮೂಲಕ ಡ್ಯೂಕ್ ವಿಶ್ವವಿದ್ಯಾಲಯದ ತಜ್ಞರೊಬ್ಬರು ಚಿತ್ರಗಳನ್ನು ಪರಿಶೀಲಿಸಿ, ತಲೆಯ ಚಿಮ್ಮುವಿಕೆಯೇ ಮುಖ್ಯ ಕಾರಣ, ಬೆಲ್ಟು ಅಲ್ಲ ಎಂದು ಏಪ್ರಿಲ್‌ನಲ್ಲಿ ವರದಿ ಕೊಟ್ಟರು. ದುಃಖದಲ್ಲಿದ್ದ ಕುಟುಂಬವನ್ನು ಎದುರು ಹಾಕಿಕೊಂಡು ಆ ಪ್ರಶ್ನೆ ಕೇಳುವುದು ಸುಲಭವಿರಲಿಲ್ಲ. ಆದರೂ ಕೇಳಿದ್ದು ಸರಿ, ಚಿತ್ರಗಳನ್ನು ಅಚ್ಚು ಹಾಕದಿದ್ದುದೂ ಸರಿ ಎಂದು ನಾನು ತಿಳಿದಿದ್ದೇನೆ.

ಅದೇ ಅಕ್ಟೋಬರ್‌ನಲ್ಲಿ ತಲೆ ಮತ್ತು ಕತ್ತಿನ ರಕ್ಷಾಸಾಧನವನ್ನು ನ್ಯಾಸ್ಕಾರ್ ಕಡ್ಡಾಯ ಮಾಡಿತು. 2002ರ ಫೆಬ್ರವರಿಯಲ್ಲಿ ಡೇಟೋನಾದ ಗೆರೆಯ ಹಿಂದೆ ಸಾಲುಗಟ್ಟಿ ನಿಂತ 43 ಕಾರುಗಳ ಚಾಲಕರೆಲ್ಲರೂ ಅದನ್ನು ಧರಿಸಿದ್ದರು.