ಪರಿಸರ ಪರಿಣಾಮ ಅಂದಾಜು: ರಾಯಚೂರು, ದೇವದುರ್ಗ, ಮಾನ್ವಿ

ಬಡಾವಣೆ, ಕಟ್ಟಡ, ಗಣಿ, ಕಾರ್ಖಾನೆಗಳಿಂದ ನೆಲ, ನೀರು, ಗಾಳಿ ಮತ್ತು ಜನಜೀವನದ ಮೇಲೆ ಏನು ಪರಿಣಾಮವಾದೀತೆಂದು ಕೆಲಸಕ್ಕೆ ಕೈಹಚ್ಚುವ ಮೊದಲೇ ಲೆಕ್ಕಹಾಕಿ ವರದಿ ಸಲ್ಲಿಸುವ ಕ್ರಮವೇ ಪರಿಸರ ಪರಿಣಾಮ ಅಂದಾಜು, ರೂಢಿಯಲ್ಲಿ ಇಐಎ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಸೀಮೆಯಲ್ಲಿ ಅದರ ಚರಿತ್ರೆಯನ್ನು ರೂಪಿಸಿದ್ದು ಮನೆ, ಬಡಾವಣೆಗಳಿಗಿಂತ ಹೆಚ್ಚಾಗಿ ಕಲ್ಲಿದ್ದಲು ಮತ್ತು ಮರಳು.

ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಚಾಲನೆಗೊಂಡದ್ದು 1985ರಲ್ಲಿ. ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು ಅದರ ಮರುವರ್ಷ. ಆ ಕಾಯ್ದೆಯಡಿ ಇಐಎ ಕಡ್ಡಾಯವಾದದ್ದು 1994ರ ಜನವರಿ 27ರ ಅಧಿಸೂಚನೆಯಿಂದ. ಸಾರ್ವಜನಿಕ ಅಹವಾಲು ಸಭೆ ಸೇರಿಕೊಂಡದ್ದು 1997ರಲ್ಲಿ. ಹೀಗಾಗಿ ಜಿಲ್ಲೆಯ ಅತಿ ದೊಡ್ಡ ಕಾರ್ಖಾನೆ ಕಾನೂನಿಗಿಂತ ಮೊದಲೇ ಬೇರುಬಿಟ್ಟಿತ್ತು. ಈಗ ಅದರ ಎಂಟು ಘಟಕಗಳ ಸಾಮರ್ಥ್ಯ 1,720 ಮೆಗಾವಾಟ್. ರಾಯಚೂರು ನಗರದ ಪಕ್ಕದ ಯರಮರಸ್‌ನಲ್ಲಿ ತಲಾ 800 ಮೆಗಾವಾಟ್‌ನ ಎರಡು ಘಟಕಗಳು 2017ರಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡುವ ಹೊತ್ತಿಗೆ ಪರಿಸ್ಥಿತಿ ಬೇರೆಯಾಗಿತ್ತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ಇಷ್ಟು ದೊಡ್ಡ ಸ್ಥಾವರ ‘ಎ’ ವರ್ಗಕ್ಕೆ ಸೇರುತ್ತದೆ. ಅನುಮತಿ ದಿಲ್ಲಿಯಿಂದಲೇ ಬರಬೇಕು.

ವರದಿಯ ಜೀವಾಳ ಅದರ ಮೂಲಸ್ಥಿತಿ ಅಧ್ಯಾಯ. ಯೋಜನಾ ಸ್ಥಳದ ಸುತ್ತ ಸಾಮಾನ್ಯವಾಗಿ 10 ಕಿ.ಮೀ. ವ್ಯಾಪ್ತಿಯಲ್ಲಿ, ಮಳೆಗಾಲ ಬಿಟ್ಟು ಒಂದು ಋತುವಿನ ಮೂರು ತಿಂಗಳು ಅಳತೆ ನಡೆಯುತ್ತದೆ. ಶಾಲೆಯ ಮಾಳಿಗೆಯ ಮೇಲೋ ಪಂಚಾಯಿತಿ ಕಟ್ಟಡದ ಮೇಲೋ ಯಂತ್ರವಿಟ್ಟು ವಾರಕ್ಕೆರಡು ಸಲ 24 ತಾಸು ಗಾಳಿ ಎಳೆಸುತ್ತಾರೆ. ಧೂಳು ಕೂತ ಸೋಸುಕಾಗದವನ್ನು ಪ್ರಯೋಗಾಲಯದಲ್ಲಿ ತೂಗುತ್ತಾರೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ನೋಡುವುದು ಇಲ್ಲಿ ಬರೀ ಶಾಸ್ತ್ರವಲ್ಲ, ಜಿಲ್ಲೆಯ ಹಳೆಯ ಪಿಡುಗು ಅದು. ತಿಂಗಳುಗಳ ಆಯ್ಕೆಯೂ ವರದಿಯ ಬಣ್ಣ ಬದಲಿಸಬಲ್ಲದು. ಬೇಸಿಗೆಯಲ್ಲಿ ಅಳೆದರೆ ತುಂಗಭದ್ರಾ ಎಡದಂಡೆ ಕಾಲುವೆ ಬತ್ತಿರುತ್ತದೆ, ಮಾನ್ವಿ ಕಡೆಯ ಭತ್ತದ ಗದ್ದೆಗಳು ಬೀಳುಬಿದ್ದಿರುತ್ತವೆ. ಎರೆಭೂಮಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೆಂಬುದು ಕಾಣುವುದೇ ಇಲ್ಲ. 2009ರ ನೆರೆಯಂಥದ್ದನ್ನು ಹಳೆಯ ದಾಖಲೆಗಳಿಂದಲೇ ಹೆಕ್ಕಬೇಕು. ವರದಿ ಬರೆಯುವ ಸಲಹಾ ಸಂಸ್ಥೆಗೆ ಮಾನ್ಯತೆ ಕಡ್ಡಾಯ ಹೌದು, ಆದರೆ ಅದಕ್ಕೆ ಹಣ ಕೊಡುವವರು ಯೋಜನೆಯ ಮಾಲೀಕರೇ. ಈ ಪದ್ಧತಿಯ ದೊಡ್ಡ ದೌರ್ಬಲ್ಯವೂ ಇದೇ.

ಕಟ್ಟಡ ಯೋಜನೆಗಳು ಈ ಚೌಕಟ್ಟಿಗೆ ಮೊದಲು ಬಂದದ್ದು 2004ರ ಜುಲೈನಲ್ಲಿ. 2006ರ ನಂತರ 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ನಿರ್ಮಾಣಕ್ಕೆ ರಾಜ್ಯ ಮಟ್ಟದ ಪ್ರಾಧಿಕಾರದ ಅನುಮತಿ ಬೇಕು. 50 ಹೆಕ್ಟೇರ್, ಅಂದರೆ ಸುಮಾರು 123 ಎಕರೆ ಮುಟ್ಟಿದ ಬಡಾವಣೆಗೂ ಅಷ್ಟೇ. ಆದರೆ ರಾಯಚೂರು, ದೇವದುರ್ಗ, ಮಾನ್ವಿ ಬೆಳೆದದ್ದು ಐದು ಎಕರೆ, ಹತ್ತು ಎಕರೆಯ ತುಂಡುಗಳಲ್ಲಿ. ಅಂಥ ಹೊಲಕ್ಕೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಎನ್‌ಎ (ಕೃಷಿಯೇತರ ಪರಿವರ್ತನೆ) ಮಾಡಿಸಿ, ವಿನ್ಯಾಸಕ್ಕೆ ಮಂಜೂರಾತಿ ಪಡೆದರೆ ಪ್ಲಾಟು ಮಾರಾಟಕ್ಕೆ ಸಿದ್ಧವಾಗುತ್ತಿತ್ತು. ಒಂದೊಂದೇ ಬಡಾವಣೆ ಮಿತಿಯೊಳಗೆ ಉಳಿಯುವುದರಿಂದ, ಹತ್ತು ಬಡಾವಣೆಗಳ ಚರಂಡಿ ಒಂದೇ ಹಳ್ಳಕ್ಕೆ ಹರಿದರೂ ಒಟ್ಟು ಲೆಕ್ಕ ಯಾವ ವರದಿಯಲ್ಲೂ ಬರುವುದಿಲ್ಲ.

ಮನೆಗಳ ಮಟ್ಟಿಗೆ ಬಾರದ ಅಂದಾಜು ಅವಕ್ಕೆ ಬೇಕಾದ ಮರಳಿನ ಮಟ್ಟಿಗೆ ಬಂತು. ದೇವದುರ್ಗದ ಕೃಷ್ಣಾ ದಂಡೆ, ಮಾನ್ವಿಯ ತುಂಗಭದ್ರಾ ದಂಡೆಗಳಲ್ಲಿ ಮರಳುಗಾರಿಕೆ ಹಳೆಯ ತಕರಾರು. 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರ್‌ಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದಿತು. 2016ರಲ್ಲಿ ಅಂಥ ಅನುಮತಿ ಕೊಡುವ ಅಧಿಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಬಂತು. ಜಿಲ್ಲಾ ಸಮೀಕ್ಷಾ ವರದಿಯೂ ಕಡ್ಡಾಯವಾಯಿತು. 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಏರ್ಪಾಟಿಗೆ ಆಕ್ಷೇಪಿಸಿದ ಮೇಲೆ ಕಡತಗಳು ಮತ್ತೆ ಬೆಂಗಳೂರಿನ ರಾಜ್ಯ ಪ್ರಾಧಿಕಾರದ ದಾರಿ ಹಿಡಿದವು.

ಅಹವಾಲು ಸಭೆ ಬೇಕಾದ ಯೋಜನೆಗಳಲ್ಲಿ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು, 30 ದಿನ ಮೊದಲು ಪ್ರಕಟಣೆ ಕೊಡಬೇಕು. ಆದರೆ ಈ ನಿಯಮಗಳನ್ನೇ ಬದಲಿಸಹೊರಟ 2020ರ ಕರಡು ಅಧಿಸೂಚನೆ ಕನ್ನಡದಲ್ಲಿ ಇರಲಿಲ್ಲ. ಇದೇ ಕಾರಣಕ್ಕೆ ಆ ವರ್ಷದ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ನೀಡಿತು. ಕರಡು ಕರಡಾಗಿಯೇ ಉಳಿಯಿತು. ಹಲವು ತಿದ್ದುಪಡಿ ಕಂಡ 2006ರ ಅಧಿಸೂಚನೆಯಡಿಯೇ ಅರ್ಜಿಗಳು ಸಲ್ಲುತ್ತ ಬಂದಿವೆ.