ಚರ್ಚಿನ ಹಂಚಿನ ಮಾಡು: ಬದಲಿಸುವ ಕಾಲದ ನಿರ್ಣಯ

ಕರಾವಳಿ ಕರ್ನಾಟಕದ ಹಳೆಯ ಚರ್ಚುಗಳಲ್ಲಿ ಹಲವಕ್ಕೆ ಇಂದಿಗೂ ಮಂಗಳೂರು ಹಂಚಿನ ಮಾಡೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರ ಮುಂದಾಳತ್ವದಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ನದಿ ದಂಡೆಯ ಜೇಡಿಮಣ್ಣನ್ನು ಅಚ್ಚೊತ್ತಿ ಸುಟ್ಟು ಮಾಡುವ ಈ ಹಂಚುಗಳು ಅಂಚಿನ ಗಾಡಿಗಳಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಗಾರೆಯಾಗಲಿ ಮೊಳೆಯಾಗಲಿ ಬೇಡ. ಹೀಗೆ ಬಿಡಿಬಿಡಿಯಾಗಿ ಕೂತ ಹೊದಿಕೆಯಲ್ಲಿ ಒಂದು ಹಂಚು ಒಡೆದರೆ ಅದೊಂದನ್ನೇ ತೆಗೆದು ಬೇರೆಯದನ್ನು ಸೇರಿಸಬಹುದು. ಆದ್ದರಿಂದ ಮಳೆಗಾಲದಲ್ಲಿ ನೀರು ಸೋರಿತು ಎಂಬುದಷ್ಟೇ ಇಡೀ ಮಾಡನ್ನು ಇಳಿಸುವುದಕ್ಕೆ ಕಾರಣವಾಗದು. ಮಾಡಿನ ಆಯುಷ್ಯ ನಿಂತಿರುವುದು ಹಂಚನ್ನು ಹೊತ್ತ ಮರದ ಮೇಲೆ. ತೊಲೆ, ಪಕ್ಕಾಸು, ರೀಪುಗಳು ಗಟ್ಟಿಯಿರುವ ತನಕ ಮಾಡುವುದು ದುರಸ್ತಿ. ಅವು ಸೋತ ಮೇಲೆ ಹಂಚು ಎಷ್ಟೇ ಹೊಸದಿದ್ದರೂ ಮಾಡು ಹಳೆಯದೇ.

ಮಂಗಳೂರಿನಂಥ ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುತ್ತದೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಇಷ್ಟು ನೀರನ್ನು ಎದುರಿಸುವ ಮಾಡಿನಲ್ಲಿ ಒಂದೆರಡು ಕಡೆ ಹನಿ ಬಿದ್ದರೆ ಅಚ್ಚರಿಯಿಲ್ಲ. ಮುಖ್ಯವಾದ ಪ್ರಶ್ನೆ, ಆ ನೀರು ಮರದಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದು. ತೇವಾಂಶ ಸುಮಾರು ಶೇಕಡಾ 20 ದಾಟಿ ಹಾಗೇ ಉಳಿದರೆ ಶಿಲೀಂಧ್ರ ಬೆಳೆದು ಮರ ಲಡ್ಡಾಗುತ್ತದೆ, ಹಿಂದೆಯೇ ಗೆದ್ದಲು ಬರುತ್ತದೆ. ಗಾಳಿಯಾಡುವ ನಡುಮಾಡಿನಲ್ಲಿ ನೆನೆದ ಪಕ್ಕಾಸು ಒಂದೆರಡು ಬಿಸಿಲಿಗೆ ಒಣಗುತ್ತದೆ. ಒಣಗದೆ ಉಳಿಯುವುದು ಗೋಡೆಯೊಳಗೆ ಹುದುಗಿದ ತುದಿ. ಮುರಕಲ್ಲಿನ ಗೋಡೆ ನೀರು ಹೀರಿ ತಿಂಗಳುಗಟ್ಟಲೆ ತಣ್ಣಗಿರುತ್ತದೆ. ಅದರ ನೆತ್ತಿಯಲ್ಲಿ ಕೂತ ಅಡ್ಡತೊಲೆಯ ತುದಿ ಹೊರಗಿನಿಂದ ಬಣ್ಣ ಹೊತ್ತು ಚೆನ್ನಾಗಿಯೇ ಕಾಣುತ್ತದೆ. ಪರೀಕ್ಷೆಗೆ ದೊಡ್ಡ ಉಪಕರಣವೇನೂ ಬೇಡ. ಗೋಡೆಗೆ ಅಂಟಿದಂತಿರುವ ಜಾಗದಲ್ಲಿ ಚೂರಿಯ ಮೊನೆ ಚುಚ್ಚಬೇಕು. ಗಟ್ಟಿ ಮರದಲ್ಲಿ ಮೊನೆ ತುಸು ಇಳಿದು ನಿಲ್ಲುತ್ತದೆ, ಹಿಂದಕ್ಕೆಳೆದರೆ ಸಿಗುರು ಉದ್ದಕ್ಕೆ ಏಳುತ್ತದೆ. ಕೊಳೆತದ್ದರಲ್ಲಿ ಮೊನೆ ಸದ್ದಿಲ್ಲದೆ ಒಳಗೆ ಹೋಗುತ್ತದೆ, ಸಿಗುರು ಏಳದೆ ಚೂರುಚೂರಾಗಿ ಉದುರುತ್ತದೆ. ಸಾಲಾಗಿ ಹಲವು ತೊಲೆಗಳ ತುದಿ ಹೀಗೆ ಸಿಕ್ಕರೆ ನಿರ್ಣಯ ಅಲ್ಲಿಗೆ ಮುಗಿಯಿತು.

ಚರ್ಚಿನಲ್ಲಿ ಇದಕ್ಕೆ ಮನೆಗಿಂತ ಹೆಚ್ಚಿನ ತೂಕವಿದೆ. ಮನೆಯಲ್ಲಿ ಕೋಣೆಯ ಗೋಡೆಗಳು ಮಾಡಿಗೆ ನಡುನಡುವೆ ಆಸರೆ ಕೊಡುತ್ತವೆ. ಜನ ಕೂರುವ ವಿಶಾಲ ನಡುಭಾಗಕ್ಕೆ ಆ ಆಸರೆ ಇಲ್ಲ. ಎರಡು ಕಡೆಯ ಪಕ್ಕಾಸುಗಳು ಕಾಲು ಜಾರಿ ಹೊರಕ್ಕೆ ಸರಿಯದಂತೆ ಹಿಡಿದಿರುವುದು ಅಡ್ಡತೊಲೆ. ಅದರ ತುದಿ ಸೋತರೆ ಪಕ್ಕಾಸು ಗೋಡೆಯನ್ನೇ ಹೊರಕ್ಕೆ ನೂಕುತ್ತದೆ. ಆಗ ಗೋಡೆಯ ಮೇಲಂಚಿನಲ್ಲಿ ಉದ್ದಕ್ಕೆ ಸಾಗುವ ಬಿರುಕು ಕಾಣುತ್ತದೆ, ತೂಗುಗುಂಡು ಬಿಟ್ಟರೆ ಗೋಡೆ ಹೊರವಾಲಿದ್ದು ತಿಳಿಯುತ್ತದೆ, ಅಂಗಳದಲ್ಲಿ ನಿಂತು ನೋಡಿದರೆ ಮಾಡಿನ ನೆತ್ತಿ ನಡುವೆ ಕುಸಿದಿರುತ್ತದೆ. ಸೋರಿಕೆಯೇ ಇಲ್ಲದ ಚರ್ಚಿನಲ್ಲೂ ಈ ಮೂರೂ ಇರಬಹುದು. ಅಪಾಯ ಹೆಚ್ಚಿರುವುದು ಅಲ್ಲೇ.

ಮುಚ್ಚಿಗೆ ಇರುವ ಚರ್ಚಿನಲ್ಲಿ ಮಾತ್ರ ಲೆಕ್ಕ ಸ್ವಲ್ಪ ಬೇರೆ. ನೀರು ಒಂದು ಕಡೆ ಒಳಬಂದು ರೀಪು ಹಿಡಿದು ಹರಿದು, ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತದೆ. ಕಲೆಯ ನೇರಕ್ಕೆ ಮೇಲಿನ ಹಂಚು ಬದಲಿಸುವವರು ಎಷ್ಟೋ ಸಲ ಗಟ್ಟಿ ಹಂಚನ್ನೇ ತೆಗೆದಿರುತ್ತಾರೆ. ಒಂದರೊಳಗೊಂದು ಕಂದು ಬಳೆಗಳಿರುವ ಕಲೆ ಹಲವು ಬಾರಿ ನೆನೆದು ಒಣಗಿದ್ದಕ್ಕೆ ಗುರುತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದಂಥ ಕಡೆ ಅಷ್ಟು ಕಾಯುವ ಹಾಗೂ ಇಲ್ಲ. ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ ಅಲ್ಲಿನ ಗೋಡೆಗಳಿಗೆ ಭಿತ್ತಿಚಿತ್ರ, ಮುಚ್ಚಿಗೆಗೆ ಕ್ಯಾನ್ವಾಸಿನ ಮೇಲಿನ ತೈಲಚಿತ್ರ ಬರೆದರು. ಕೆಳಗಿರುವುದು ಇಂಥ ಚಿತ್ರವಾದರೆ, ಬೇರೆಡೆ ಬಕೆಟ್ ಇಟ್ಟು ನಿಭಾಯಿಸುವ ಹನಿಯೂ ದುಬಾರಿ.

ವಯಸ್ಸು ನೋಡಿಯೇ ಬದಲಿಸಿದರೆ ಸುರಕ್ಷಿತವಲ್ಲವೇ ಎಂಬ ವಾದವಿದೆ. ಆದರೆ ವಯಸ್ಸು ತಿಳಿಯುವುದೇ ಸುಲಭವಲ್ಲ. ಹಂಚಿನ ಮೇಲಿನ ‘1865’ ಎಂಬ ಅಚ್ಚು ಕಾರ್ಖಾನೆ ಹುಟ್ಟಿದ ವರ್ಷ; ಅದನ್ನೇ ಕಟ್ಟಡದ ಇಸವಿ ಎಂದು ಹೇಳುವವರಿದ್ದಾರೆ. ಕಾಮನ್‌ವೆಲ್ತ್ ಟ್ರಸ್ಟ್‌ನ ಅಚ್ಚಿದ್ದರೆ ಆ ಹಂಚು ಮೊದಲ ಮಹಾಯುದ್ಧದ ಬಳಿಕದ್ದು, ಏಕೆಂದರೆ ಮಿಷನ್ನಿನ ಕಾರ್ಖಾನೆಗಳು ಆ ಟ್ರಸ್ಟಿನ ಕೈಸೇರಿದ್ದು ಆಮೇಲೆ. ಒಂದೇ ಮಾಡಿನಲ್ಲಿ ಎರಡೂ ಸಿಗಬಹುದು. ಅಚ್ಚು ಬೇರೆಯಾದರೆ ಗಾಡಿಗಳ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದು ಹಂಚು ಸರಿಯಾಗಿ ಕಚ್ಚುವುದಿಲ್ಲ, ಸಂದಿನಿಂದ ಗಾಳಿಮಳೆಯ ಇರಚಲು ನುಗ್ಗುತ್ತದೆ. ಪ್ರತಿವರ್ಷ ಕೈಗೆ ಸಿಕ್ಕ ಹಂಚು ತುರುಕಿದ ಮಾಡು ಪ್ರತಿವರ್ಷ ಹೊಸ ಜಾಗದಲ್ಲಿ ಸೋರುವುದಕ್ಕೆ ಇದೇ ಕಾರಣ. ಅಲ್ಲಿ ಹಂಚನ್ನಷ್ಟೇ ವಿಂಗಡಿಸಿ ಮರುಹೊದಿಸಿದರೆ ಸಾಕು, ಮರಕ್ಕೆ ಕೈಹಾಕಬೇಕಿಲ್ಲ.

ಎರಡನೆಯ ಆಕ್ಷೇಪ ಖರ್ಚಿನದು, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಂಚು ಕೂರಿಸಬಲ್ಲ ಕೆಲಸಗಾರರು ಕಡಿಮೆಯಾಗಿದ್ದಾರೆ, ಒಳ್ಳೆಯ ಮರ ದುಬಾರಿ. ಮೇಲೊಂದು ಲೋಹದ ಶೀಟು ಹೊದಿಸಿದರೆ ಒಂದೇ ವಾರದಲ್ಲಿ ಸೋರಿಕೆ ನಿಲ್ಲುತ್ತದೆ. ಸಣ್ಣ ಧರ್ಮಕೇಂದ್ರದ ಪಾಲನಾ ಮಂಡಳಿಗೆ ಇದು ಆಕರ್ಷಕವಾಗಿ ಕಂಡರೆ ತಪ್ಪಿಲ್ಲ. ಆದರೆ ಶೀಟು ತಡೆಯುವುದು ನೀರನ್ನು. ಆಗಲೇ ಕೊಳೆತ ತುದಿಗೆ ಅದು ಹೆಚ್ಚುವರಿ ಹೊರೆ, ಮುಂದೆ ಅದನ್ನು ನೋಡದಂತೆ ಮಾಡುವ ಮರೆ. ಹಂಚು ತನ್ನ ಭಾರದಿಂದಲೇ ಗಾಳಿಗೆ ನಿಲ್ಲುತ್ತದೆ. ಹಗುರ ಶೀಟನ್ನು ಹಿಡಿದಿಡಬೇಕಾದದ್ದು ಅದೇ ದುರ್ಬಲ ಮರಕ್ಕೆ ಹೊಡೆದ ತಿರುಪು. ಜೋರು ಮಳೆಯಲ್ಲಿ ಪ್ರಸಂಗ ಕೇಳಿಸದಷ್ಟು ಸದ್ದು ಬೇರೆ. ಮರ ಗಟ್ಟಿಯಿದೆ ಎಂದು ಖಚಿತವಾದ ಮೇಲೆ, ಹಣ ಕೂಡುವ ತನಕದ ತಾತ್ಕಾಲಿಕ ಏರ್ಪಾಟಾಗಿ ಶೀಟನ್ನು ಒಪ್ಪಬಹುದು. ಕಾಂಕ್ರೀಟ್ ಚಪ್ಪಡಿಯ ಮಾತು ಬೇರೆಯೇ: ಹಂಚಿನ ಭಾರಕ್ಕೆಂದು ಕಟ್ಟಿದ ಮುರಕಲ್ಲಿನ ಗೋಡೆ ಅದನ್ನು ಹೊರುತ್ತದೆಯೇ ಎಂದು ಎಂಜಿನಿಯರು ಲೆಕ್ಕಹಾಕದೆ ಯಾರೂ ಹೇಳಲಾಗದು.

ನೋಡುವುದಕ್ಕೂ ಮಾಡುವುದಕ್ಕೂ ಋತು ಬೇರೆಬೇರೆ. ನೀರಿನ ದಾರಿ ಕಾಣುವುದು ಆಟಿಯ ಮಳೆಯಲ್ಲಿ, ಮಾಡು ಬಿಚ್ಚಬಹುದಾದ್ದು ಕ್ರಿಸ್ಮಸ್ ಕಳೆದ ಮೇಲಿನ ಒಣ ತಿಂಗಳುಗಳಲ್ಲಿ. ಆದ್ದರಿಂದ ಜುಲೈಯಲ್ಲೇ ಒಳಗಿನ ಹನಿಗಳನ್ನು ನಕ್ಷೆಯಲ್ಲಿ ಗುರುತಿಸಿಟ್ಟು, ಮಳೆ ನಿಂತ ಮೇಲೆ ಅದೇ ನಕ್ಷೆ ಹಿಡಿದು ತೊಲೆಗಳ ತುದಿ ಪರೀಕ್ಷಿಸಬೇಕು. ಬಿಚ್ಚುವ ನಿರ್ಣಯವಾದರೂ ಹಳೆಯ ಹಂಚೆಲ್ಲ ತಿಪ್ಪೆಗೆ ಹೋಗಬೇಕಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ಠಣ್ಣೆನ್ನುವವನ್ನು ಉಳಿಸಿಕೊಂಡು, ಬೊದ್ದು ಸದ್ದಿನವನ್ನು ತೆಗೆದುಬಿಟ್ಟು, ಉಳಿದವನ್ನು ಅಚ್ಚಿನ ಪ್ರಕಾರ ಬೇರ್ಪಡಿಸಿ ಒಂದು ಇಳಿಜಾರಿಗೆ ಹಳೆಯವು, ಇನ್ನೊಂದಕ್ಕೆ ಹೊಸವು ಎಂದು ಹೊದಿಸಿದರೆ ಎರಡೂ ಕಡೆ ಗಾಡಿಗಳು ಸರಿಯಾಗಿ ಕಚ್ಚುತ್ತವೆ.