ಮೊದಲ ಅಡಿಟಿಪ್ಪಣಿಯವರೆಗೆ: ಝೊಟೆರೊ ಕೈಪಿಡಿ ಮತ್ತು ಹೊಸ ಬಳಕೆದಾರರು

ಗ್ರಂಥಸೂಚಿ, ಅಡಿಟಿಪ್ಪಣಿಗಳನ್ನು ಅಣಿಗೊಳಿಸುವ ತಂತ್ರಾಂಶ ಕಲಿಯಲು ಬರುವವರಿಗೆ ತಂತ್ರಾಂಶಕ್ಕಿಂತ ಕೈಯಲ್ಲಿರುವ ಪ್ರಬಂಧವೇ ಮುಖ್ಯ. ಆದ್ದರಿಂದ ಕೈಪಿಡಿ ಮೆನುವಿನ ಕ್ರಮವನ್ನು ಬಿಟ್ಟು ಸಂಶೋಧಕರ ಕೆಲಸದ ಕ್ರಮವನ್ನು ಅನುಸರಿಸಬೇಕು ಎಂಬುದು ಈ ಟಿಪ್ಪಣಿಯ ವಾದ. ಉದಾಹರಣೆಗೆ ಉಚಿತವಾಗಿ ಸಿಗುವ ಝೊಟೆರೊವನ್ನು ತೆಗೆದುಕೊಂಡಿದ್ದೇನೆ.

ಈ ವಾದಕ್ಕೆ ಹಳೆಯ ಆಧಾರವಿದೆ. 1980ರ ದಶಕದಲ್ಲಿ ಐಬಿಎಂನ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರಲ್ ಮತ್ತು ಸಂಗಡಿಗರು ವರ್ಡ್ ಪ್ರೊಸೆಸರ್ ಕಲಿಯುವವರನ್ನು ಗಮನಿಸಿದರು. ಕಲಿಯುವವರು ಕೈಪಿಡಿಯನ್ನು ಮೊದಲಿಂದ ಓದುತ್ತಿರಲಿಲ್ಲ. ನೇರ ಕೆಲಸಕ್ಕಿಳಿದು, ತಪ್ಪಾದಾಗ ಹೊರಬರುವ ದಾರಿ ಕಾಣದೆ ನಿಲ್ಲುತ್ತಿದ್ದರು. ವಿವರಣೆ ಕಡಿಮೆ ಮಾಡಿ, ನಿಜವಾದ ಕೆಲಸವನ್ನು ಬೇಗ ಕೈಗೆ ಕೊಟ್ಟು, ತಪ್ಪು ತಿದ್ದಿಕೊಳ್ಳುವುದನ್ನೂ ಕಲಿಸಬೇಕೆಂಬ ಕ್ಯಾರಲ್ ಅವರ ನಿಲುವು 1990ರ ‘ದಿ ನ್ಯೂರ್ನ್‌ಬರ್ಗ್ ಫನಲ್’ ಗ್ರಂಥದಲ್ಲಿದೆ.

2006ರಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಿಂದ ಹೊರಬಂದಾಗ ಝೊಟೆರೊ ಫೈರ್‌ಫಾಕ್ಸ್ ಬ್ರೌಸರಿನೊಳಗೇ ಇತ್ತು. ಈಗ ಅದಕ್ಕೆ ಮೂರು ಅಂಗಗಳು: ಕಂಪ್ಯೂಟರಿನಲ್ಲಿರುವ ತಂತ್ರಾಂಶ, ಬ್ರೌಸರಿನ ಕನೆಕ್ಟರ್, ವರ್ಡ್ ಅಥವಾ ಲಿಬ್ರೆಆಫೀಸ್‌ಗೆ ಸೇರುವ ಪ್ಲಗಿನ್. ಇವನ್ನು ಮೂರು ಅಧ್ಯಾಯಗಳಲ್ಲಿ ಬಿಡಿಬಿಡಿಯಾಗಿ ವಿವರಿಸಿದರೆ ಹೊಸಬರಿಗೆ ನಂಟು ಹೊಳೆಯುವುದಿಲ್ಲ. ಒಂದು ಪುಸ್ತಕವನ್ನು ಸೇರಿಸಿ, ಅದರ ವಿವರ ತಿದ್ದಿ, ಬರಹದಲ್ಲಿ ಒಂದು ಅಡಿಟಿಪ್ಪಣಿ ಮೂಡಿಸುವವರೆಗೆ ಮೊದಲ ಪುಟ ಒಂದೇ ಓಟದಲ್ಲಿ ಸಾಗಬೇಕು.

ಆ ಪುಸ್ತಕದ ಆಯ್ಕೆಯಲ್ಲಿ ಎಚ್ಚರ ಬೇಕು. ಐಎಸ್‌ಬಿಎನ್ ಕೊಟ್ಟರೆ ಝೊಟೆರೊ ವಿವರಗಳನ್ನು ತಾನೇ ಹುಡುಕಿ ತುಂಬುತ್ತದೆ. ಆದರೆ ಐಎಸ್‌ಬಿಎನ್ ಅಂತಾರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ಕನ್ನಡ ಸಂಶೋಧಕರು ನಿತ್ಯ ಬಳಸುವ ಎಷ್ಟೋ ಗ್ರಂಥಗಳು ಅದಕ್ಕೂ ಹಿಂದಿನವು, ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯೂ ಅಂಥದೇ. ಅಲ್ಲಿ ವಿವರಗಳನ್ನು ಕೈಯಾರೆ ತುಂಬಬೇಕು. ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತದೆ: ಲೇಖಕರ ಹೆಸರಿಗೆ ಎರಡು ಅಂಕಣಗಳಿವೆ, ಕುಲನಾಮ ಇಲ್ಲದವರನ್ನು ಹೇಗೆ ದಾಖಲಿಸುವುದು? ‘ನರಸಿಂಹಾಚಾರ್’ ಮೊದಲ ಅಂಕಣಕ್ಕೂ ‘ಡಿ. ಎಲ್.’ ಎರಡನೆಯದಕ್ಕೂ ಹೋದರೆ ಅಕಾರಾದಿ ಕ್ರಮ ನಮ್ಮ ರೂಢಿಯಂತೆ ಬರುತ್ತದೆ. ‘ಕುವೆಂಪು’ ಎಂಬಂಥ ಕಾವ್ಯನಾಮಕ್ಕೆ ಪಕ್ಕದ ಗುಂಡಿ ಒತ್ತಿ ಎರಡನ್ನೂ ಒಂದೇ ಅಂಕಣವಾಗಿಸಬಹುದು. ಕನ್ನಡ ಓದುಗರಿಗೆ ಬರೆಯುವ ಕೈಪಿಡಿಯಲ್ಲಿ ಇದು ಅನುಬಂಧದ ವಿಷಯವಲ್ಲ, ಮೊದಲ ಪುಟದ್ದು.

ಎಚ್ಚರಿಕೆಗಳೂ ತಪ್ಪು ನಡೆಯುವ ಜಾಗದಲ್ಲೇ ಇರಬೇಕು. ಬರಹದೊಳಗಿನ ಗ್ರಂಥಸೂಚಿಯನ್ನು ನೇರವಾಗಿ ತಿದ್ದಿದರೆ, ಸೂಚಿ ಮತ್ತೆ ನವೀಕರಣಗೊಂಡಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ. ತಿದ್ದಬೇಕಾದದ್ದು ಝೊಟೆರೊದೊಳಗಿನ ದಾಖಲೆಯನ್ನು. ಸೂಚಿ ಸೇರಿಸುವ ಹಂತದಲ್ಲೇ ಈ ಮಾತು ಬಂದರೆ ಪ್ರಬಂಧ ಸಲ್ಲಿಸುವ ಹೊತ್ತಿನ ಗಾಬರಿ ತಪ್ಪುತ್ತದೆ. ಹಾಗೆಯೇ ಝೊಟೆರೊದ ದತ್ತಾಂಶದ ಫೋಲ್ಡರನ್ನು ಡ್ರಾಪ್‌ಬಾಕ್ಸ್‌ನಂಥ ಕ್ಲೌಡ್ ಫೋಲ್ಡರಿನೊಳಗೆ ಇಟ್ಟರೆ ಇಡೀ ಸಂಗ್ರಹ ಕೆಡುವ ಅಪಾಯವಿದೆ. ಸಿಂಕ್ ಮಾಡುವ ವಿಧಾನ ಹೇಳುವಲ್ಲೇ ಇದನ್ನೂ ಹೇಳಬೇಕು. ಅಲ್ಲೇ ತಿಳಿಸಬೇಕಾದ ಇನ್ನೊಂದು ಸಂಗತಿ: ಗ್ರಂಥವಿವರಗಳ ಸಿಂಕ್ ಉಚಿತ, ಪಿಡಿಎಫ್ ಮೊದಲಾದ ಕಡತಗಳಿಗೆ ಉಚಿತ ಜಾಗ 300 ಎಂಬಿ.

ಸಾವಿರಾರು ಉಲ್ಲೇಖ ಶೈಲಿಗಳು, ಟ್ಯಾಗುಗಳು, ಗುಂಪು ಸಂಗ್ರಹಗಳು ಮುಂದಿನ ಪುಟಗಳಿಗೆ ಇರಲಿ. ಕೈಪಿಡಿ ಸಿದ್ಧವಾದ ಮೇಲೆ ತಂತ್ರಾಂಶವನ್ನೇ ಮುಟ್ಟದ ಒಬ್ಬ ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತು, ಬಾಯಿ ಹಾಕದೆ, ಎಲ್ಲಿ ತಡೆಯುತ್ತದೆಂದು ಬರೆದುಕೊಳ್ಳಬೇಕು. ತಡೆದ ಕಡೆಯ ವಾಕ್ಯವನ್ನೇ ಮೊದಲು ತಿದ್ದಬೇಕು.